ನೀನು ಎಂದದ್ದರ ಫಲ

ಸ್ಟಿಲ್‌ವಾಟರ್, ಡೆಲವೇರ್ ನದಿಯ ದಂಡೆ
1694, ಎರಡನೇ ತಿಂಗಳ ಹದಿನೇಳನೇ ದಿನ

ನನ್ನ ಪ್ರೀತಿಯ ಒಬಡಾಯ,

ಲಂಡನ್ನಿನ ಹೊಗೆಯಲ್ಲಿ ನಿನ್ನ ಕೆಮ್ಮು ಹೇಗಿದೆ? ಜೇನು ನೆಕ್ಕುತ್ತಿದ್ದೀಯಾ, ಇಲ್ಲ ನಮ್ಮ ಊರಿಗೆ ರಾಜನ ಸನ್ನದು ಪಡೆಯುವ ಓಡಾಟದಲ್ಲಿ ಅದನ್ನೂ ಮರೆತೆಯಾ? ಮಂತ್ರಿಗಳ ಮುಂದೆ ಟೋಪಿ ತೆಗೆಯಲಿಲ್ಲವೆಂದು ಮತ್ತೆ ನಿನ್ನನ್ನು ಒಳಗೆ ಹಾಕಿಲ್ಲ ತಾನೆ? ಹಾಕಿದ್ದರೆ ತಿಳಿಸು, ಉಣ್ಣೆಯ ಕಾಲುಚೀಲ ಕಳಿಸುತ್ತೇನೆ. ಜೈಲಿನ ನೆಲ ಎಷ್ಟು ತಣ್ಣಗಿರುತ್ತದೆಂದು ನಿನ್ನನ್ನು ನೋಡಲು ಬಂದು ಬಂದು ನನಗೂ ಗೊತ್ತು. ಇಲ್ಲಿ ನಾನೂ ಡಾರ್ಕಸಳೂ ಚೆನ್ನಾಗಿದ್ದೇವೆ. ನಿನ್ನ ಮಗಳು ಈಚೆಗೆ ಹಾಲು ಉಕ್ಕಿಸಿಕೊಂಡು ಸುಮ್ಮಸುಮ್ಮನೆ ನಗುತ್ತಾಳೆ.

ಇದೇ ಹಡಗಿನಲ್ಲಿ ಸಭೆಯ ಹಿರಿಯ ಎಲಿಯಾಕಿಮನ ಮನವಿಯೂ ನಿನಗೆ ಬರುತ್ತಿದೆ. ಜರ್ಮನರು ಪ್ರಾರ್ಥನೆಯಲ್ಲಿ ಹಾಡಬಾರದೆಂದು ನೀನು ಅಪ್ಪಣೆ ಹೊರಡಿಸಬೇಕಂತೆ. ಸಹಿ ಹಾಕುವ ಮೊದಲು ನನ್ನ ಕಾಗದವನ್ನು ಕೊನೆಯವರೆಗೂ ಓದು.

ಈ ಊರು ಕಟ್ಟುವಾಗ, ಇಲ್ಲಿ ಯಾರು ಹೇಗೆ ಬೇಕಾದರೂ ದೇವರನ್ನು ನೆನೆಯಬಹುದು ಎಂದು ಮೊದಲ ಕಾನೂನು ಬರೆದವನು ನೀನು. ಸಂತೋಷ. ಆದರೆ ಬಾಯಿ ಬಿಡದೆ ಕೂರುವ ನಮ್ಮ ಕ್ವೇಕರ್ ಸಭಾಮನೆಯ ಮಗ್ಗುಲಲ್ಲೇ, ಹಾಡದೆ ಉಸಿರೂ ಬಿಡದ ಜರ್ಮನ್ ಲೂಥರನ್ನರಿಗೆ ಜಾಗ ಕೊಟ್ಟವನೂ ನೀನೇ. ಪೀಪಾಯಿ ಮಾಡುವ ಯೋಸ್ಟ್ ಕ್ಲಾಪ್ ಅವರ ಮುಂದಾಳು. ಅವನ ದನಿಯೋ, ಅವನದೇ ಪೀಪಾಯಿಯೊಳಗಿಂದ ಬಂದ ಹಾಗಿರುತ್ತದೆ. ಕಳೆದ ಮೊದಲ ದಿನ, ಲೋಕದವರು ಭಾನುವಾರ ಎನ್ನುತ್ತಾರಲ್ಲ ಅಂದು, ನಾವೆಲ್ಲ ಅಂತರಂಗದ ಬೆಳಕಿಗಾಗಿ ಕಣ್ಣು ಮುಚ್ಚಿ ಕೂತಿದ್ದಾಗ ಆ ಕಡೆ ಹಾಡು ಶುರುವಾಯಿತು. ನಾನು ಒಂದು ಕಣ್ಣು ತೆರೆದು ನೋಡಿದರೆ, ಎಲಿಯಾಕಿಮನ ಕಾಲು ತಾಳ ಹಾಕುತ್ತಿತ್ತು. ನಾನು ನೋಡಿದ್ದನ್ನು ಅವನೂ ನೋಡಿದ. ಮನವಿ ಹುಟ್ಟಿದ್ದು ಆಗಲೇ.

ಮೊದಲು ಮಾತಿನಲ್ಲಿ ಬಗೆಹರಿಸೋಣವೆಂದು ಹಿರಿಯರೆಲ್ಲ ಯೋಸ್ಟನ ಅಂಗಳಕ್ಕೆ ಹೋದರು. ನಮ್ಮ ಮನೆಗೆ ಎಷ್ಟು ಪೀಪಾಯಿ ಬೇಕಿತ್ತೋ ಕಾಣೆ, ತರಲು ಹೋಗಿ ಹೋಗಿ ಡಾರ್ಕಸ್ ಜರ್ಮನ್ ಕಲಿತುಬಿಟ್ಟಿದ್ದಾಳೆ. ಹಾಗಾಗಿ ಎರಡು ಕಡೆಯ ಮಾತು ತಿಳಿಸಲು ಅವಳನ್ನು ಕರೆದೊಯ್ದರು, ಹಿಂದೆಯೇ ನಾನೂ ಹೋದೆ. ಎಲಿಯಾಕಿಮ್ ಟೋಪಿ ತೆಗೆಯದೆ, ನಮ್ಮ ಕ್ರಮದಂತೆ "ನೀನು" ಎಂದೇ ಶುರುಮಾಡಿದ. ಯೋಸ್ಟನ ಮುಖ ಕೆಂಪೇರಿತು. "ನೀನು ಅನ್ನೋಕೆ ನಿಮ್ ಜನಕ್ಕೆ ನಾನೇನು ಸಾಕಿದ ನಾಯಿನಾ, ಇಲ್ಲಾ ಬೀಗನಾ? ಯಾವುದು ಅಂತ ಮೊದ್ಲು ಹೇಳು, ಹಾಡಿನ ಮಾತು ಆಮೇಲೆ" ಎಂದ. ನಾವು ರಾಜನಿಗೂ ನೀನು ಎನ್ನುವವರು ಎಂದು ಎಲಿಯಾಕಿಮ್ ಸಮಾಧಾನ ಹೇಳಿದ. ಅದಕ್ಕೇ ರಾಜ ನಿಮ್ಮನ್ನು ಜೈಲಿಗೆ ಹಾಕಿದ್ದು ಎಂದ ಯೋಸ್ಟ್. ಡಾರ್ಕಸ್ ಎಲ್ಲವನ್ನೂ ಒಂದಕ್ಷರ ಬಿಡದೆ ತಿಳಿಸಿದಳು. ಸತ್ಯವನ್ನೇ ಹೇಳಬೇಕೆಂದು ಕಲಿಸಿದವರು ನಾವೇ ಅಲ್ಲವೆ?

ಆ ಜಗಳದ ನಡುವೆ ಯೋಸ್ಟನ ಮಗ ವೆಂಡೆಲ್ ನನಗೊಂದು ಮಣೆ ತಂದಿಟ್ಟು, "ನೀವು ಕೂತ್ಕೊಳ್ಳಿ" ಎಂದ. ನಿನ್ನನ್ನು ಮದುವೆಯಾದ ಮೇಲೆ ನನ್ನನ್ನು ಯಾರೂ ನೀವು ಎಂದಿರಲಿಲ್ಲ. ಇದು ಲೋಕದ ಒಣ ಆಡಂಬರ, ತಿದ್ದಬೇಕಿತ್ತು. ತಿದ್ದಲಿಲ್ಲ, ಕೂತೆ. ಹಾಯೆನಿಸಿತು.

ಅಂತರಂಗದ ಬೆಳಕು ನಿನ್ನ ದಾರಿಯಲ್ಲಿರಲಿ, ಕೊರಳಿಗೆ ಉಣ್ಣೆಬಟ್ಟೆಯೂ ಇರಲಿ.

ನಿನ್ನ
ಟೇಸಿ

ಮರೆತಿದ್ದೆ, ಹಡಗಿನವರು ಕೂಗುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಡಾರ್ಕಸ್ ಎಲ್ಲರನ್ನೂ ಅನ್ನುವಂತೆ ವೆಂಡೆಲ್‌ನನ್ನೂ ಮೊದಲಿಂದಲೇ ನೀನು ಎಂದಿದ್ದಾಳೆ. ಅವರಲ್ಲಿ ಹುಡುಗಿ ಹುಡುಗನನ್ನು ಹಾಗೆಂದರೆ ಒಪ್ಪಿದಳೆಂದೇ ಅರ್ಥವಂತೆ. ಪಾಪ, ಅವನು ಚಳಿಗಾಲವಿಡೀ ಕೂತು ಮದುವೆಯ ಪೆಟ್ಟಿಗೆ ಕೆತ್ತಿದ್ದಾನೆ. ವಿಷಯ ತಿಳಿದಾಗ ಇವಳು ತಿದ್ದಬಹುದಿತ್ತು. ತಾಯಿಯ ಹಾಗೇ, ತಿದ್ದಲಿಲ್ಲ. ಬೇರೆ ಪಂಥದವನನ್ನು ಮದುವೆಯಾದರೆ ಸಭೆಯಿಂದ ಹೊರಗೆ ಹಾಕುತ್ತಾರೆ ಕಣೇ ಎಂದೆ. "ಮನಸ್ಸಿಗೆ ಬೀಗ ಹಾಕೋ ಅಧಿಕಾರ ಯಾರಿಗೂ ಇಲ್ಲ ಅಂತ ಅಪ್ಪ ಜೈಲಲ್ಲಿ ಹೇಳಿದ್ನಲ್ಲ, ಅದು ನನಗೆ ಸೇರಲ್ವಾ?" ಎಂದಳು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಎಲಿಯಾಕಿಮನ ಮನವಿಗೆ ಸಹಿ ಹಾಕುವುದು ಬಿಡುವುದು ನಿನಗೆ ಸೇರಿದ್ದು. ಆದರೆ ನಾಯಿಯೋ ಬೀಗನೋ ಎಂದು ಯೋಸ್ಟ್ ಕೇಳಿದ್ದಕ್ಕೆ ಈಗ ಉತ್ತರ ಕೊಡಬೇಕಾದವನು ನೀನು.