ಅಣ್ಣಯ್ಯ ಕಳಿಸಿದ ಗಿಟಾರಿನ ಕತ್ತು

ಬಸ್ರೂರು
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ಶೇಖರಣ್ಣಯ್ಯನಿಗೆ ತಂಗಿ ಗುಲಾಬಿಯ ನಮಸ್ಕಾರ.

ನಿನ್ನ ಮಂಡಿನೋವು ಈಗ ಹೇಗಿದೆ? ದಿನವಿಡೀ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆಯೇ ಕೂತಿರಬೇಡ, ನಡುವೆ ಎದ್ದು ನಾಲ್ಕು ಹೆಜ್ಜೆ ಹಾಕು. ಅತ್ತಿಗೆಯ ಕೆಮ್ಮು ಬಿಟ್ಟಿತೇ? ಮುಂಬೈಯ ಚಳಿ ಚಳಿಯೇ ಅಲ್ಲ ಎಂದು ನೀನು ನಗುತ್ತೀಯ, ಆದರೆ ಅವರು ಕೆಮ್ಮುವುದು ಫೋನಿನಲ್ಲಿ ನನಗೆ ಕೇಳಿಸುತ್ತದೆ. ನಾವು ಮೂವರೂ ಆರೋಗ್ಯವಾಗಿದ್ದೇವೆ. ಇವರು ಬೆಳಿಗ್ಗೆಯೇ ಉದ್ದಿನ ಗದ್ದೆಗೆ ಹೋದರು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಸುಜಿತನ ಹೆಸರು ಬಂದ ಕೂಡಲೇ ನೀನೂ ಸುಮ್ಮನಾಗುತ್ತೀಯ, ನಾನೂ ಸುಮ್ಮನಾಗುತ್ತೇನೆ. ಆಮೇಲೆ ಸಿಗ್ನಲ್ ಹೋಯಿತು ಎಂದುಕೊಂಡು ಇಬ್ಬರೂ ಇಟ್ಟುಬಿಡುತ್ತೇವೆ. ಬರೆಯುವುದಾದರೆ ನನಗೆ ಸುಲಭ.

ನನ್ನ ಮಗ ಸುಜಿತ ಜ್ವರದಲ್ಲಿ ಹೋಗಿ ಎರಡು ಮಳೆಗಾಲ ಕಳೆದವು. ಅವನ ಕರಿ ಎಲೆಕ್ಟ್ರಿಕ್ ಗಿಟಾರನ್ನು ಮಗಳು ಧನ್ಯಶ್ರೀ ದಸರಾ ರಜೆಯಲ್ಲಿ ತಾನಾಗಿಯೇ ಹೊರಗೆ ತೆಗೆದಾಗ ನನಗೆಷ್ಟು ಸಮಾಧಾನವಾಗಿತ್ತೆಂದು ನಿನಗೆ ಗೊತ್ತು. ಮನೆಯಲ್ಲಿ ಮತ್ತೆ ಒಂದು ಸದ್ದು ಹುಟ್ಟಿತ್ತು. ಒಂದೊಂದೇ ತಂತಿ ಮೀಟುವಾಗ ತೊಂದರೆ ಇರಲಿಲ್ಲ. ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಬೇಕಾದಲ್ಲಿ ಮಾತ್ರ ಅವಳ ಕೈ ಸೋಲುತ್ತಿತ್ತು. ಅಂಚಿನ ತಂತಿಗಳು ನುಡಿದರೆ ನಡುವಿನವು ಮೂಕ. ಒತ್ತಿ ಒತ್ತಿ ಬೆರಳು ಕೆಂಪಾಗಿ, ಒಂದು ದಿನ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದುಬಿಟ್ಟಳು. "ಅಮ್ಮಾ, ಇದ್ ಅಣ್ಣಂದ್. ನಂಗ್ ಆತಿಲ್ಲೆ" ಅಂದಳು. ಅಣ್ಣನೇ ತನ್ನನ್ನು ಬೇಡ ಅಂದ ಹಾಗಿತ್ತು ಅವಳ ಮುಖ. ಆಮೇಲೆ ಅದನ್ನು ಮುಟ್ಟಲಿಲ್ಲ. ಮನೆ ಮತ್ತೆ ಮೊದಲಿನ ಹಾಗೇ ಆಯಿತು.

ಆಗ ನೀನು ವಿಡಿಯೋ ಕಾಲಿನಲ್ಲಿ ಬಂದು, ಅವಳಿಗೆ ಬುದ್ಧಿ ಹೇಳದೆ, "ಹೆಣೆ, ತಂತಿ ಸಡ್ಲ ಮಾಡಿ ನಿನ್ ಶಾಲೆ ಸ್ಕೇಲ್ ಅಡ್ಡ ಇಡ್ ಕಾಂಬ" ಅಂದೆಯಲ್ಲ. ಗಿಟಾರಿನ ಕತ್ತಿನುದ್ದಕ್ಕೂ ಬೆರಳೊತ್ತುವ ಹಲಗೆ ಇದೆಯಲ್ಲ, ಅದರ ಮೇಲೆ ಸ್ಕೇಲು ಮಣೆಯ ಮೇಲೆ ಇಟ್ಟ ಹಾಗೆ ಅಲ್ಲಾಡದೆ ಕೂತಿತು. "ಕಂಡ್ಯಾ? ತಪ್ಪ್ ನಿನ್ ಕೈದಲ್ಲ, ಹಲ್ಗೆದ್" ಅಂದೆ. ಅಣ್ಣಯ್ಯ, ಆ ಒಂದು ಮಾತಿಗೆ ನಿನಗೆ ಎಷ್ಟು ಕೈಮುಗಿದರೂ ಸಾಲದು. ಆ ಹೊತ್ತು ಹುಡುಗಿ ಬೆನ್ನು ನೆಟ್ಟಗೆ ಮಾಡಿ ಕೂತಳು.

ನೀನು ವಿವರಿಸಿದ್ದು ನನಗೂ ಅರ್ಥವಾಯಿತು. ಸುಜಿತನಿಗೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಮೇಲಕ್ಕೆ ಏರಿಸುವ ಹುಚ್ಚು. ಅದಕ್ಕೆ ಸಪಾಟು ಹಲಗೆಯೇ ಬೇಕು, ಎಷ್ಟು ಎಳೆದರೂ ದಾರಿಯಲ್ಲಿ ಏನೂ ತಾಗುವುದಿಲ್ಲ. ನಿನ್ನ ಗಿಟಾರಿನ ಹಲಗೆ ಹಳೆಯ ಟಾರು ರಸ್ತೆಯ ಹಾಗೆ, ನಡುವೆ ಉಬ್ಬು, ಎರಡೂ ಬದಿಗೆ ಇಳಿಜಾರು. ಅಡ್ಡ ಮಲಗಿಸಿದ ಬೆರಳು ತಾನಾಗಿಯೇ ಆ ಉಬ್ಬಿಗೆ ಬಗ್ಗುತ್ತದೆ, ಚಿಕ್ಕ ಕೈಗೆ ಹಿತ. ಆದರೆ ತಂತಿಯನ್ನು ಜೋರಾಗಿ ಎಳೆದರೆ ಅದು ಉಬ್ಬಿನ ಮೇಲೆ ಅಡ್ಡ ಕೂರಿಸಿದ ಫ್ರೆಟ್ ಎಂಬ ಲೋಹದ ಪಟ್ಟಿಗೆ ತಾಗಿ ಸ್ವರ ಅರ್ಧದಲ್ಲೇ ಸಾಯುತ್ತದೆ. ನೀನು ನಿನ್ನ ಗಿಟಾರಿನೊಡನೆ ರಜೆಗೆ ಬಂದಾಗ ಸುಜಿತ ನಿನ್ನನ್ನು ಕೆಣಕುತ್ತಿದ್ದದ್ದು ನೆನಪಿದೆಯಾ? "ಮಾವ, ಇದ್ ಗಿಟಾರಾ, ಕಬ್ಬಿನ್ ಜಲ್ಲೆಯಾ?" ನೀನು, "ನಿಂದ್ ಎಂತ, ಹಲ್ಸಿನ್ಹಣ್ ಕೊಯ್ಯು ಮಣೆಯಾ?" ಅನ್ನುತ್ತಿದ್ದೆ. ಇಬ್ಬರೂ ಜಗಲಿಯಲ್ಲಿ ಕೂತು ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ನೀನು ಹೊಸದೊಂದು ಕೊಡಿಸುತ್ತೀಯೆಂದು ನಾನು ಅಂದುಕೊಂಡಿದ್ದೆ. ಧನ್ಯ ಬೇಡವೆಂದಳು, ಅವಳಿಗೆ ಅಣ್ಣನದೇ ಬೇಕು. ಆಗ ನೀನು ನಿನ್ನ ಗಿಟಾರಿನ ಕತ್ತನ್ನೇ ಬಿಚ್ಚಿ, ಹಳೆ ಕಂಬಳಿಯಲ್ಲಿ ಸುತ್ತಿ ಮುಂಬೈ ಬಸ್ಸಿಗೆ ಹಾಕಿದೆ. ಎರಡೂ ಒಂದೇ ಕಂಪನಿಯವು, ಸುಜಿತನದನ್ನೂ ನೀನೇ ಕೊಡಿಸಿದ್ದು, ತೂತಿಗೆ ತೂತು ಕೂಡಿತು. ಕುಂದಾಪುರದಲ್ಲಿ ಮೈಕ್ ರಿಪೇರಿ ಮಾಡುವ ರತನ್ ಮನೆಗೇ ಬಂದ. ಸುಜಿತನ ಗಿಟಾರಿನ ಕತ್ತು ಕಳಚಬೇಕೆಂದಾಗ ನಾನು ಅದನ್ನು ಅವನ ಕೈಗೆ ಕೊಡದೆ ಹಿಡಿದೇ ಕೂತಿದ್ದೆ. "ಗುಲಾಬಕ್ಕಾ, ನಾಕ್ ಸ್ಕ್ರೂ ಅಷ್ಟೇ. ನೀವ್ ಒಳ್ಗ್ ಹೋಯಿ ಚಾ ಮಾಡಿ" ಅಂದ. ನಾನು ಹೋಗಲಿಲ್ಲ. ಕಳಚಿದ್ದನ್ನು ಎರಡೂ ಕೈಯಲ್ಲಿ ಇಸಿದುಕೊಂಡೆ. ಸುಜಿತನ ಹೆಬ್ಬೆರಳು ಜಾರುತ್ತಿದ್ದ ಹಿಂಬದಿಯಲ್ಲಿ ಬಣ್ಣದ ಹೊಳಪು ಹೋಗಿ ಮರ ನುಣ್ಣಗಾಗಿದೆ. ಅವನದೇ ಪಂಚೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ.

ನೀನು ಕಳಿಸಿದ ಕತ್ತನ್ನು ರತನ್ ಕೂರಿಸಿ ತಂತಿ ಬಿಗಿದ ಮೇಲೆ ಧನ್ಯ ಬೆರಳು ಅಡ್ಡ ಮಲಗಿಸಿ ಮೀಟಿದಳು. ಆರೂ ತಂತಿ ಒಟ್ಟಿಗೆ ನುಡಿದವು. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಅದನ್ನೇ ಮತ್ತೆ ಮತ್ತೆ ಮೀಟಿದಳು, ಬಡಿಸಿದ ಅನ್ನ ಆರಿಹೋಯಿತು. ಗದ್ದೆಯಿಂದ ಬಂದ ಇವರು ಕಾಲು ತೊಳೆಯುವುದನ್ನೂ ಮರೆತು ಅಂಗಳದಲ್ಲೇ ನಿಂತಿದ್ದರು. ಆಮೇಲೆ ಅವಳು ಅಣ್ಣನ ಹಾಗೆ ತಂತಿ ಎಳೆದು ನೋಡಿದಳು. ನೀನು ಹೇಳಿದ ಹಾಗೇ ಅರ್ಧದಲ್ಲಿ ಸತ್ತಿತು. ರತನ್ ತಂತಿಗಳನ್ನು ತುಸು ಮೇಲೆತ್ತಿ ಕೊಟ್ಟ, ಸಣ್ಣ ಎಳೆತಕ್ಕೆ ಈಗ ತೊಂದರೆಯಿಲ್ಲ. ನನ್ನ ಮುಖ ನೋಡಿ ಅವಳೇ, "ಇರ್ಲಿ ಅಮ್ಮಾ. ಅದ್ ಅಣ್ಣಂದ್ ಎಳ್ತ" ಅಂದಳು. ಹದಿಮೂರರ ಹುಡುಗಿ ನನಗೆ ಸಮಾಧಾನ ಹೇಳಿದ್ದು.

ಈಗ ದಿನಾ ಸಂಜೆ ನುಡಿಸುತ್ತಾಳೆ. ಒಲೆಯ ಮುಂದೆ ಕೂತು ಕೇಳುತ್ತೇನೆ. ನಿನ್ನಿಂದಾಗಿ ಈ ಮನೆಗೆ ಸಂಜೆ ಎಂಬುದು ತಿರುಗಿ ಬಂದಿದೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಧನ್ಯಳಿಗೆ ಅಲ್ಲಿಂದಲೇ ಆಶೀರ್ವಾದ ಮಾಡು.

ನಿನ್ನ ತಂಗಿ,
ಗುಲಾಬಿ

ಮರೆತಿದ್ದು: ಈ ಕಾಗದದ ಜೊತೆ ಬಸ್ಸಿಗೆ ಹಾಕುವ ಉದ್ದದ ಪೆಟ್ಟಿಗೆಯಲ್ಲಿ ಮೇಲಿರುವುದು ಅತ್ತಿಗೆಗೆ ಹಲಸಿನ ಹಪ್ಪಳ. ಕೆಳಗೆ ಪಂಚೆಯಲ್ಲಿರುವುದು ಸುಜಿತನ ಗಿಟಾರಿನ ಕತ್ತು. ಅವನು ಹೋದ ಮೇಲೆ ನೀನು ಗಿಟಾರು ಮುಟ್ಟಲೇ ಇಲ್ಲವೆಂದೂ, ಈಗ ಕತ್ತಿಲ್ಲದೆ ಗೋಡೆಯಲ್ಲಿ ನೇತಾಡುವುದನ್ನು ನೋಡಲಾಗುತ್ತಿಲ್ಲವೆಂದೂ ಅತ್ತಿಗೆ ಹೇಳಿದರು. ತೂತುಗಳು ಕೂಡುತ್ತವೆ, ನಿನ್ನ ಕೈಯೂ ದೊಡ್ಡದು. ಹಾಕಿಸು. ಹಾಕಿಸಿದ ದಿನ ಫೋನ್ ಮಾಡಿ, ಅವನು ಎಳೆಯುತ್ತಿದ್ದ ಹಾಗೆ ಒಂದು ತಂತಿ ಎಳೆದು ಕೇಳಿಸು. ಈ ಕಡೆಯಿಂದ ನನ್ನ ಮಾತು ಕೇಳದಿದ್ದರೆ ಸಿಗ್ನಲ್ ಹೋಯಿತೆಂದು ಇಟ್ಟುಬಿಡಬೇಡ. ನಾನು ಇರುತ್ತೇನೆ.