ಮಗ್ಗದ ಪೆಟ್ಟಿಗೆಯನ್ನು ಅಂಗಡಿಯಿಂದ ತಂದವರಿಗೆ

ಗುಳೇದಗುಡ್ಡದ ಕಲ್ಲೋಣಿ
ನೆಳಲು ಶಕೆ ನೂರಾ ಹದಿನೆಂಟು, ಹದಿನಾಲ್ಕನೆಯ ತಿಂಗಳ ಐದನೆಯ ದಿನ

ಹಿರಿಯರೇ,

ಮೇಲಿನ ತಾರೀಖು ನೋಡಿ, ಯಾವಳೋ ತಲೆಕೆಟ್ಟವಳು ಬರೆದಿದ್ದಾಳೆಂದು ಕಾಗದ ಮಡಚಿಡಬೇಡಿ. ವರ್ಷಕ್ಕೆ ಹನ್ನೆರಡೇ ತಿಂಗಳು ಎಂದು ನಂಬಿದ ಕಾಲದವರು ನೀವು, ಅದು ನಿಮ್ಮ ತಪ್ಪಲ್ಲ. ಬಿಸಿಲು ತಾಳದೆ ಜನ ಗುಡ್ಡದೊಳಗೆ ಮನೆ ಕೊರೆದುಕೊಂಡರಲ್ಲ, ಆ ದಿನದಿಂದ ನಮ್ಮ ಶಕೆ ಶುರು. ಮೂವತ್ತು ದಿನದ ತಿಂಗಳು ದುಡಿಯುವುದು ಈ ಸೆಕೆಗೆ ಆಗದ ಮಾತೆಂದು ತಿಂಗಳುಗಳನ್ನೇ ಕುಗ್ಗಿಸಿ ಹದಿನಾಲ್ಕು ಮಾಡಿಕೊಂಡಿದ್ದೇವೆ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಶಬ್ದಗಳು ಬರುತ್ತವೆ, ಹೊಟ್ಟೆಗೆ ಹಾಕಿಕೊಳ್ಳಿ. ಹಿರಿಯರ ಅಮಾವಾಸ್ಯೆಗೆ ಮನೆಗೊಂದರಂತೆ ಹಿಂದಂಚೆಗೆ ಕಾಗದ ಹಾಕುವ ಪದ್ಧತಿ ನಮ್ಮಲ್ಲಿದೆ. ಹಿಂದಂಚೆ ಎಂದರೆ ಹಿಂದಕ್ಕೆ ಹೋಗುವ ಅಂಚೆ. ಮುಟ್ಟುತ್ತದೋ ಇಲ್ಲವೋ, ಇದುವರೆಗೆ ಯಾರೂ ತಿರುಗಿ ಬಂದು ಹೇಳಿಲ್ಲ. ಎಲ್ಲರೂ ಅದರಲ್ಲಿ ಆಶೀರ್ವಾದ ಬೇಡುತ್ತಾರೆ. ನಾನು ನಿಮಗೆ ಒಂದು ಸುದ್ದಿ ಹೇಳಬೇಕು, ಒಂದು ಮಾತು ಕೇಳಿಕೊಳ್ಳಬೇಕು.

ನಾನು ಹಂಪವ್ವ, ನಿಮ್ಮ ಮನೆತನದ ಸೊಸೆ. ಖಣ ನೇಯುವವಳು. ನಿಮ್ಮ ಕಾಲದಲ್ಲಿ ಈ ಊರಲ್ಲಿ ನೇಯುತ್ತಿದ್ದ ಅದೇ ಖಣ, ಅದೇ ರವಿಕೆಯ ಬಟ್ಟೆ. ಊರೀಗ ಕೆಂಪುಗಲ್ಲಿನ ಗುಡ್ಡದ ಹೊಟ್ಟೆಯಲ್ಲಿದೆ. ಮನೆಗಳಿಗೆಲ್ಲ ಗೋಡೆ ಒಂದೇ, ಅದು ಗುಡ್ಡದ್ದೇ ಗೋಡೆ. ನೆಳಲೇನೋ ಸಿಕ್ಕಿತು. ಆದರೆ ಕಲ್ಲಿಗೆ ಸದ್ದು ಒಯ್ಯುವ ಚಟ. ಈ ಮನೆಯಲ್ಲಿ ಕೆಮ್ಮಿದರೆ ಆರನೆಯ ಮನೆಯ ಕೂಸು ಬೆಚ್ಚಿ ಏಳುತ್ತದೆ. ಅದಕ್ಕಾಗಿ ಪ್ರತಿ ಮನೆಯ ಗೋಡೆಗೂ ಒಂದು ಸಾಸಿವೆತಟ್ಟೆ ಬಿಗಿದಿರುತ್ತಾರೆ. ತೊಗಲು ಎಳೆದು ಕಟ್ಟಿದ ತಟ್ಟೆ, ಅದರ ಮೇಲೆ ಹಿಡಿ ಸಾಸಿವೆ, ಸುತ್ತ ಸಣ್ಣ ಅಂಚು. ಸದ್ದು ಮಿತಿ ಮೀರಿದರೆ ಸಾಸಿವೆ ಕುಣಿದು ಅಂಚು ದಾಟಿ ಕೆಳಗೆ ಬೀಳುತ್ತದೆ. ಬಿದ್ದ ಮನೆಯವರು ಓಣಿ ಗುಡಿಸಬೇಕು. ಹೀಗಾಗಿ ನಮ್ಮ ಜನ ಪಿಸುಮಾತಿನಲ್ಲೇ ಜಗಳವಾಡುತ್ತಾರೆ, ಪಿಸುಮಾತಿನಲ್ಲೇ ಸೋಬಾನೆ ಹಾಡುತ್ತಾರೆ. ನನಗೆ ಮಾತ್ರ ದೇವರು ಬಯಲಿನ ಗಂಟಲು ಕೊಟ್ಟಿದ್ದಾನೆ. ಕಲ್ಲೋಣಿಯನ್ನು ನನ್ನಷ್ಟು ಗುಡಿಸಿದ ಹೆಂಗಸು ಈ ಶಕೆಯಲ್ಲೇ ಹುಟ್ಟಿಲ್ಲ.

ಇನ್ನು ನಿಮ್ಮ ಪೆಟ್ಟಿಗೆಯ ಮಾತು. ನೀವು ಕಂಪ್ಯೂಟರ್ ಎಂದು ಅಂಗಡಿಯಿಂದ ತಂದದ್ದು, ರೊಟ್ಟಿಡಬ್ಬಿಗಿಂತ ತುಸು ದೊಡ್ಡದು, ಕರಿಬಣ್ಣದ್ದು. ಅದು ಇನ್ನೂ ನಡೆಯುತ್ತಿದೆ ಎಂದರೆ ನಂಬುತ್ತೀರಾ? ಒಳಗಿನ ಎಷ್ಟೋ ಭಾಗಗಳು ಹಿಂದಿನ ತಲೆಮಾರುಗಳಲ್ಲೇ ಬದಲಾಗಿವೆ, ಆದರೆ ಪೆಟ್ಟಿಗೆ ನಿಮ್ಮದೇ, ಫ್ಯಾನೂ ನಿಮ್ಮದೇ. ನೀವು ಅದರಲ್ಲಿ ಏನು ಮಾಡುತ್ತಿದ್ದಿರೋ ಶಿವನೇ ಬಲ್ಲ. ನಾವು ಅದರಿಂದ ಮಗ್ಗ ನಡೆಸುತ್ತೇವೆ. ಕಳಸ, ತೊಟ್ಟಿಲು, ಆನೆಹೆಜ್ಜೆ, ಖಣದ ಎಲ್ಲ ಬುಟ್ಟಾ ಚಿತ್ತಾರಗಳೂ ಅದರ ಹೊಟ್ಟೆಯಲ್ಲಿವೆ. ಯಾವ ಎಳೆ ಏಳಬೇಕು, ಯಾವುದು ಮಲಗಬೇಕು ಎಂದು ಅದು ಹೇಳುತ್ತದೆ, ಮಗ್ಗ ಕೇಳುತ್ತದೆ. ಮಗ್ಗ ಬೆಕ್ಕಿನ ಹೆಜ್ಜೆಯಷ್ಟೂ ಸದ್ದು ಮಾಡದು. ಸದ್ದೆಲ್ಲ ಪೆಟ್ಟಿಗೆಯದೇ. ನಾನು ಸೊಸೆಯಾಗಿ ಬಂದಾಗಲೇ ಅದು ಗುರ್ರೆನ್ನುತ್ತಿತ್ತು. ಅದರ ಸ್ವಭಾವವೇ ಹಾಗೆ ಎಂದು ಅತ್ತೆ ಹೇಳಿದ್ದರು. ನನಗೆ ಅಂದೇ ಅದರ ಮೇಲೆ ಪ್ರೀತಿ ಹುಟ್ಟಿತು, ಮನೆಯಲ್ಲಿ ನನ್ನಂಥವರು ಇನ್ನೊಬ್ಬರಿದ್ದಾರಲ್ಲ ಎಂದು.

ಈ ವರ್ಷ ಆ ಗುರ್ರು ಕಿರುಚಾಟವಾಯಿತು. ಗಾಣದ ಕೀಲು ಒಣಗಿದಾಗ ಬರುವ ಸದ್ದು ನೆನೆಸಿಕೊಳ್ಳಿ. ಸಾಸಿವೆ ದಿನವೂ ಬೀಳತೊಡಗಿತು. ಅದು ಸಾಲದೆಂಬಂತೆ ನೇಯುತ್ತ ನೇಯುತ್ತ ಪೆಟ್ಟಿಗೆ ಕಾದು, ತಾನಾಗಿಯೇ ಕಣ್ಣುಮುಚ್ಚಿಬಿಡುತ್ತಿತ್ತು. ಮಗ್ಗ ಅರ್ಧದಲ್ಲಿ ನಿಲ್ಲುತ್ತಿತ್ತು. ಆಗ ಮಗ್ಗದ ಮೇಲಿದ್ದದ್ದು ಯಾರ ಖಣ ಗೊತ್ತೇ? ನನ್ನ ಮಗಳು ನೀಲಾಂಬಿಕೆಯದು, ನಮ್ಮ ನೀಲಿಯದು. ಚೊಚ್ಚಲ ಬಸುರಿ, ತವರಿಗೆ ಬಂದಿದ್ದಾಳೆ. ಸೀಮಂತದ ಕುಬಸಕ್ಕೆ ಉಡಿಸುವ ಹಸಿರು ಖಣವನ್ನು ತಾಯಿಯೇ ನೇಯಬೇಕು, ತವರಿನ ಮಗ್ಗದಲ್ಲೇ ನೇಯಬೇಕು, ಇದು ಇಲ್ಲಿನ ಪದ್ಧತಿ. ಅರ್ಧ ತೊಟ್ಟಿಲಿನ ಬುಟ್ಟಾ ಮೂಡಿ ನಿಂತಿತ್ತು. ಅರ್ಧ ತೊಟ್ಟಿಲು! ಬಸುರಿಯ ಕಣ್ಣಿಗೆ ಅದು ಬೀಳದಿರಲೆಂದು ಮಗ್ಗದ ಮೇಲೆ ಬಟ್ಟೆ ಹೊದಿಸಿ ಕಣ್ಣೀರು ಹಾಕಿದೆ.

ಓಣಿಯವರು ದೈವಕ್ಕೆ ದೂರು ಕೊಟ್ಟರು. ದೈವ ಎಂದರೆ ನಮ್ಮ ನೇಕಾರರ ಹಿರಿಯರ ಸಭೆ. ಅದರ ಹಿರಿಯ ರಾಚಪ್ಪ ಒಳ್ಳೆಯ ಮನುಷ್ಯ, ಆದರೆ ಮೌನದ ಭಕ್ತ. "ತಂಗೀ, ಮಾತು ಬೆಳ್ಳಿ, ಮೌನ ಬಂಗಾರ. ಪೆಟ್ಟಿಗಿಗೆ ವಯಸ್ಸಾತು, ಮೌನಗುಡಿಗೆ ಕೊಟ್ಟುಬಿಡೂಣು," ಎಂದ. ಮೌನಗುಡಿ ಎಂದರೆ ಹಳೆಯ ಯಂತ್ರಗಳನ್ನು ಹೂಮಾಲೆ ಹಾಕಿ ಸಾಲಾಗಿ ಕೂರಿಸಿದ ಗವಿ. ಅಲ್ಲಿಗೆ ಹೋದದ್ದಕ್ಕೆ ಮತ್ತೆ ಕರೆಂಟು ಕೊಡುವಂತಿಲ್ಲ. ನಾನು, "ಯಣ್ಣಾ, ಬಂಗಾರ ಕೊಳ್ಳಾಗ ಇದ್ರ ಛಲೋ, ಬಾಯಾಗ ತುರುಕಿದ್ರ ಉಸಿರುಗಟ್ಟತೈತಿ," ಎಂದೆ. ಸಭೆಯ ತಟ್ಟೆಯಿಂದ ಸಾಸಿವೆ ಬಿತ್ತು. ಕೊನೆಗೆ ಒಂದು ತೀರ್ಮಾನವಾಯಿತು. ಮುಂದಿನ ಸಭೆಯ ದಿನ ದೈವದವರು ಮನೆಗೆ ಬರುತ್ತಾರೆ, ಅವರ ಮುಂದೆ ಒಂದು ಸಾಸಿವೆಯೂ ಬೀಳದೆ ಖಣ ನೇಯ್ದು ಮುಗಿಯಬೇಕು, ಇಲ್ಲದಿದ್ದರೆ ಪೆಟ್ಟಿಗೆ ಗುಡಿಗೆ. ಪೆಟ್ಟಿಗೆ ಹೋದರೆ ಮಗ್ಗ ಬರೀ ಕಟ್ಟಿಗೆ, ಮಗಳ ಖಣ ಅರ್ಧಕ್ಕೇ ಉಳಿದಂತೆ.

ನಮ್ಮ ಮನೆಯಲ್ಲಿ ಪೆಟ್ಟಿಗೆಯನ್ನು ಯಾರೂ ತೆರೆಯುವುದಿಲ್ಲ. ನನ್ನ ಮಾವನವರ ಅಜ್ಜ ಗುರಪಾದಪ್ಪನವರು ಕೊನೆಯ ಸಲ ತೆರೆದು, ಪ್ರೊಸೆಸರ್ ಬದಲಿಸಿ, ಮುಚ್ಚಿದರಂತೆ. ಹಿರಿಯರು ಮುಚ್ಚಿದ್ದನ್ನು ಕಿರಿಯರು ತೆರೆಯಬಾರದು ಎಂಬುದು ಆಮೇಲೆ ಬೆಳೆದ ನೇಮ. ಅದಕ್ಕೆ ಪ್ರತಿಯಾಗಿ ನಾವು ಮಾಡುತ್ತಿದ್ದದ್ದು ಪೂಜೆ. ಆಯುಧಪೂಜೆಗೆ ಅದು ಗಾಳಿ ಎಳೆಯುವ ಜಾಲರಿಯ ತುಂಬ ಅರಿಷಿಣ ಕುಂಕುಮ ಎರಚುವುದು, ಊದಿನಕಡ್ಡಿ ಹೊಗೆ ಹಿಡಿಯುವುದು, ದೊಡ್ಡವರಿಗೆ ಸನ್ಮಾನ ಮಾಡಿದ ಹಾಗೆ ಶಾಲು ಹೊದಿಸುವುದು. ಶಾಲನ್ನು ತೆಗೆದರೆ ಅವಮಾನವೆಂದು ವರ್ಷವಿಡೀ ಹಾಗೇ ಬಿಡುವುದು. ಹೊರಗೆ ಸುಡುಬಿಸಿಲು, ಒಳಗೆ ಉಣ್ಣೆಯ ಶಾಲು! ನನಗೆ ಹೊದಿಸಿದ್ದರೆ ನಾನು ಎಂದೋ ಕಿರುಚುತ್ತಿದ್ದೆ.

ನೇಮ ಮುರಿಯುವುದಕ್ಕೆ ಜೊತೆಯಾದವಳು ಮುರಿಗೆವ್ವ, ನನ್ನ ಮೈದುನನ ಹೆಂಡತಿ. ಬಾಯಲ್ಲಿ ಶಿವನಾಮ, ಕೈಯಲ್ಲಿ ಸ್ಕ್ರೂ ತಿರುಗಿಸುವ ಚೂರಿ. ಮೊದಲು ಕರೆಂಟು ಕಿತ್ತೆವು. ಪಕ್ಕದ ತಗಡು ಬಿಚ್ಚಿದೊಡನೆ ಮುರಿಗೆವ್ವ ಹೌಹಾರಿದಳು. "ಯಕ್ಕಾ, ಇದು ಪೆಟ್ಟಿಗಿ ಅಲ್ಲ, ಹಾಸಿಗಿ!" ಮಗ್ಗದ ಅರಳೆಧೂಳು, ಅರಿಷಿಣ, ಕುಂಕುಮ, ಊದಿನಕಡ್ಡಿಯ ಜಿಡ್ಡು, ಎಲ್ಲ ಸೇರಿ ಫ್ಯಾನಿನ ಸುತ್ತ ಕೆಂಪು ಕಂಬಳಿಯಾಗಿತ್ತು. ಫ್ಯಾನಿನ ಕೆಳಗೆ ಶಾಖ ಹೀರುವ ಲೋಹದ ಹಲ್ಲುಗಳಿವೆಯಲ್ಲ, ನೇಕಾರರಾದ ನಾವು ಅದನ್ನು ಹಣಿಗೆ ಎನ್ನುತ್ತೇವೆ, ಆ ಹಣಿಗೆಯಲ್ಲಿ ಒಂದು ಸಂದೂ ಕಾಣುತ್ತಿರಲಿಲ್ಲ. ನೂಲಿಗೆ ಗಂಜಿ ಹಚ್ಚುವ ಮೆತ್ತನೆಯ ಕುಂಚ ತಂದೆ. ರೆಕ್ಕೆ ಗಿರ್ರನೆ ತಿರುಗದಂತೆ ಮುರಿಗೆವ್ವ ಬೆರಳಿಟ್ಟು ಹಿಡಿದಳು, ನಾನು ಗುಡಿಸಿದೆ. ಗುಡಿಸುವ ಕೆಲಸವನ್ನು ನನಗೆ ಯಾರೂ ಕಲಿಸಬೇಕಿಲ್ಲ. ಆಮೇಲೆ ಫ್ಯಾನಿನ ಬೆನ್ನಿಗಂಟಿದ ದುಂಡನೆಯ ಚೀಟಿ ಎಬ್ಬಿಸಿ, ಒಣಗಿದ ಅಚ್ಚಿಗೆ ಮಗ್ಗದ ಎಣ್ಣೆ ಒಂದೇ ಹನಿ ಬಿಟ್ಟು, ಚೀಟಿ ಮತ್ತೆ ಅಂಟಿಸಿದೆ. ಶಾಲು ಮಡಚಿ ಪೆಟ್ಟಾರಿಗೆ ಹಾಕಿದೆ.

ಕಿರುಚಾಟ ಹೋಯಿತು. ಇಬ್ಬರೂ ಕೈ ಹಿಡಿದು ಕುಣಿದೆವು, ಸದ್ದಿಲ್ಲದೆ. ಆದರೆ ಸ್ವಲ್ಪ ಹೊತ್ತಿಗೆ ಫ್ಯಾನ್ ಮತ್ತೆ ಬಿರುಗಾಳಿಯಂತೆ ಬೀಸತೊಡಗಿತು, ಸಾಸಿವೆ ಅಂಚಿಗೆ ಬಂತು, ಪೆಟ್ಟಿಗೆ ಕಣ್ಣು ಮುಚ್ಚಿತು. ಮುರಿಗೆವ್ವ ಸ್ಕ್ರೂ ಚೂರಿ ಕೆಳಗಿಟ್ಟಳು. "ಗುರಪಾದಪ್ಪಜ್ಜನ ಶಾಪ ಯಕ್ಕಾ ಇದು. ಮುಟ್ಟಬಾರದಾಗಿತ್ತು." ನನಗೂ ಹಾಗೇ ಅನ್ನಿಸಿತು, ಸುಳ್ಳೇಕೆ ಹೇಳಲಿ. ಗಾಳಿ ಬರುತ್ತಿದೆ, ಹಾದಿ ಚೊಕ್ಕಟವಾಗಿದೆ, ಆದರೂ ಸುಡುತ್ತಿದೆ ಎಂದರೆ ಏನರ್ಥ? ಸಿಟ್ಟಿನಲ್ಲಿ ಹಣಿಗೆಯನ್ನು ಮುಟ್ಟಿದೆ. ಅದು ತಣ್ಣಗಿತ್ತು.

ಹಿರಿಯರೇ, ರೊಟ್ಟಿ ಬಡಿದು ಕೈ ಸವೆಸಿದವಳು ನಾನು. ಕೆಳಗೆ ಒಲೆ ಧಗಧಗ, ಮೇಲೆ ಹಂಚು ತಣ್ಣಗೆ ಎಂದರೆ ನಡುವೆ ಏನೋ ಅಡ್ಡ ಇದೆ ಎಂದೇ ಅರ್ಥ. ಪ್ರೊಸೆಸರನ್ನು ನಾವು ನೆತ್ತಿ ಎನ್ನುತ್ತೇವೆ. ನೆತ್ತಿಯ ಶಾಖ ಹಣಿಗೆಗೆ ಏರಬೇಕು, ಹಣಿಗೆಯಿಂದ ಗಾಳಿಗೆ ಹೋಗಬೇಕು. ಇಲ್ಲಿ ಅದು ನೆತ್ತಿಯಿಂದಲೇ ಏರುತ್ತಿಲ್ಲ. ಹಣಿಗೆಯ ನಾಲ್ಕು ಸ್ಕ್ರೂಗಳನ್ನು ಸಡಿಲಿಸಿ ಮೆಲ್ಲನೆ ಎತ್ತಿದೆ. ನೆತ್ತಿಯ ಮೇಲೆ, ಅಡ್ಡಡ್ಡ, ಅಚ್ಚುಕಟ್ಟಾಗಿ, ಮೂರು ಎಳೆ ವಿಭೂತಿ!

ಬೂದಿ ಮುಚ್ಚಿದ ಕೆಂಡ ಎಂಬ ಮಾತು ಎಷ್ಟು ಸಲ ಆಡಿದ್ದೆನೋ, ಕಣ್ಣಾರೆ ಕಂಡದ್ದು ಅಂದೇ. ಗುರಪಾದಪ್ಪಜ್ಜನಿಗೆ ಬಾಯಿಗೆ ಬಂದಂತೆ ಬೈದೆ, ಸಾಸಿವೆ ಉದುರಿತು, ಉದುರಲಿ ಎಂದೆ. ಬೈದು ಮುಗಿದ ಮೇಲೆ ಯೋಚಿಸಿದೆ. ಪಾಪ, ನೆತ್ತಿಗೂ ಹಣಿಗೆಗೂ ನಡುವೆ ಬಿಳಿಯ ಲೇಪ ಹಚ್ಚಬೇಕು ಎಂದು ಅವನಿಗೆ ಯಾರೋ ಹೇಳಿರಬೇಕು. ನಿಮ್ಮ ಕಾಲದ ಲೇಪ ಅವನ ಕಾಲಕ್ಕೆ ಎಲ್ಲಿಂದ ಬರಬೇಕು? ಅವನಿಗೆ ಗೊತ್ತಿದ್ದ ಬಿಳಿ ಲೇಪ ಒಂದೇ, ಅದನ್ನು ತನ್ನ ಹಣೆಗೆ ಹಚ್ಚಿಕೊಳ್ಳುವಷ್ಟೇ ಭಕ್ತಿಯಿಂದ ಹಚ್ಚಿದ್ದಾನೆ. ಅಂದಿನಿಂದ ನೆತ್ತಿ ಸುಡುತ್ತಲೇ ಇತ್ತು, ಫ್ಯಾನ್ ಜೀವ ತೇಯುತ್ತಲೇ ಇತ್ತು. ನಾವು ಅದರ ಸ್ವಭಾವವೇ ಗದ್ದಲ ಎಂದೆವು. ಅದು ಗದ್ದಲವಲ್ಲ ಹಿರಿಯರೇ, ಕೂಗಿ ಹೇಳುತ್ತಿತ್ತು. ಕೇಳುವವರಿರಲಿಲ್ಲ ಅಷ್ಟೇ. ನನಗೆ ಅಳು ಬಂತು.

ಸರಿಯಾದ ಲೇಪ ನನ್ನ ಮನೆಯ ಗೂಡಿನಲ್ಲೇ ಇತ್ತು. ಬೆವರುಸಾಲೆಗೆ ವೈದ್ಯರು ಕೊಡುವ ಸತುವಿನ ಬಿಳಿ ಪುಡಿ, ಅದನ್ನು ಗಟ್ಟಿ ಔಡಲೆಣ್ಣೆಯಲ್ಲಿ ಅರೆದರೆ ಬೆಣ್ಣೆಯಂಥ ಲೇಪ. ಸತುವು ಲೋಹದ ಜಾತಿ, ಲೋಹದಿಂದ ಲೋಹಕ್ಕೆ ಶಾಖ ದಾಟಿಸುತ್ತದೆ. ಮುರಿಗೆವ್ವನಿಗೆ ಸಂಶಯ. "ಇದೂ ಒಂದು ಬೂದಿನ ಅಲ್ಲೇನ ಯಕ್ಕಾ?" ನಾನೆಂದೆ, "ಮೈಗೆ ಉಷ್ಣ ಏರಿದ್ರ ನೆತ್ತಿಗೆ ಔಡಲೆಣ್ಣಿ ತಟ್ಟತೀವಿಲ್ಲೋ? ಪೆಟ್ಟಿಗೀದೂ ನೆತ್ತಿನ ಅದು. ಸುಮ್ನ ಒರಸು." ವಿಭೂತಿಯನ್ನು ಒರೆಸಿ, ಆ ಅರಿವೆಯನ್ನು ಕಣ್ಣಿಗೊತ್ತಿಕೊಂಡೆವು, ಏನೇ ಆಗಲಿ ವಿಭೂತಿ. ಜೋಳದ ಕಾಳಿನಷ್ಟು ಲೇಪವನ್ನು ನಡುವಿಗಿಟ್ಟು ಹಣಿಗೆ ಕೂರಿಸಿದೆ. ಹೆಚ್ಚು ಹಚ್ಚಿದರೆ ಅದೇ ಮತ್ತೆ ಅಡ್ಡವಾಗುತ್ತದೆ.

ದೈವದವರು ಬಂದರು. ಅರ್ಧ ಓಣಿ ಅವರ ಹಿಂದೆ. ರಾಚಪ್ಪ ಹೊಸ ಸಾಸಿವೆ ತಂದಿದ್ದ, ನನ್ನ ಮನೆಯ ಸಾಸಿವೆಗೆ ಕುಣಿದು ಕುಣಿದು ಕಾಲು ನೋವು ಬಂದಿರಬಹುದೆಂದು ಚಾಷ್ಟಿ ಬೇರೆ. ಪೆಟ್ಟಿಗೆಯ ಬಟನ್ ಒತ್ತಿದೆ. ಎಲ್ಲರೂ ಕಾದರು. ರಾಚಪ್ಪನೂ ಕಾದು ಕಾದು, "ತಂಗೀ, ಇನ್ನಾ ಯಾಕ ಚಾಲೂ ಮಾಡವಲ್ಲಿ?" ಎಂದ. ನಾನು ಮಗ್ಗದ ಕಡೆ ಕೈ ತೋರಿಸಿದೆ. ಲಾಳಿ ಆಗಲೇ ಓಡುತ್ತಿತ್ತು. ಅಲ್ಲಿದ್ದ ಒಬ್ಬರೂ ಆ ಪೆಟ್ಟಿಗೆಯ ಮೌನವನ್ನು ಜನ್ಮದಲ್ಲಿ ಕೇಳಿರಲಿಲ್ಲ. ಫ್ಯಾನ್ ಮಲಗಿದ ಕೂಸಿನ ಹಾಗೆ ಉಸಿರಾಡುತ್ತಿತ್ತು. ಅರ್ಧ ತೊಟ್ಟಿಲು ಮುಕ್ಕಾಲಾಯಿತು, ಹಗ್ಗ ಮೂಡಿತು, ಮೇಲೆ ಗಿಣಿ ಮೂಡಿತು. ಕೊನೆಯ ಎಳೆ ಕೂತಿತು. ಸಾಸಿವೆ ಒಂದೂ ಅಲ್ಲಾಡಿರಲಿಲ್ಲ. ನಾನು ಖಣ ಕತ್ತರಿಸಿ ನೀಲಿಯ ಉಡಿಗೆ ಹಾಕಿ, ತಡೆಯಲಾರದೆ, ನನ್ನ ಬಯಲಿನ ಗಂಟಲಿನಲ್ಲಿ "ಗೆದ್ನವ್ವಾ!" ಎಂದು ಕೂಗಿದೆ. ತಟ್ಟೆಯ ಸಾಸಿವೆಯೆಲ್ಲ ರಾಚಪ್ಪನ ತಲೆಯ ಪಟಗದ ಮೇಲೆ ಬಿತ್ತು. ಅವನು ಕೊಡವಿಕೊಳ್ಳುತ್ತ, "ಪೆಟ್ಟಿಗಿ ಪಾಸಾತು. ಹಂಪವ್ವ ಓಣಿ ಗುಡಿಸಲಿ," ಎಂದು ತೀರ್ಪು ಕೊಟ್ಟ. ನಕ್ಕದ್ದನ್ನು ನಾನು ನೋಡಿದೆ.

ಈಗ ನನ್ನ ಬೇಡಿಕೆ. ನಿಮ್ಮಲ್ಲೂ ಇನ್ನೇನು ಆಯುಧಪೂಜೆ ಬರುತ್ತದೆ. ಪೆಟ್ಟಿಗೆಗೆ ಪೂಜೆ ಮಾಡಿ, ಬೇಡ ಎನ್ನುವುದಿಲ್ಲ, ಆದರೆ ಮುಂದಿನ ಮುಖಕ್ಕೆ ಒಂದು ಬೊಟ್ಟು ಸಾಕು. ಜಾಲರಿ ಅದರ ಮೂಗು, ಅಲ್ಲಿ ಕುಂಕುಮ ಬೇಡ. ಶಾಲು ನೀವೇ ಹೊದ್ದುಕೊಳ್ಳಿ. ವರ್ಷಕ್ಕೊಮ್ಮೆ ಬಿಚ್ಚಿ ಗುಡಿಸಿ, ಲೇಪ ಒಣಗಿದ್ದರೆ ಬದಲಿಸಿ, ಹೇಗೆಂದು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ಹೇಳಿದರೆ ಸಾಲದು, ತೋರಿಸಿ. ಹೇಳಿದ್ದು ಮೂರು ತಲೆಮಾರಿಗೆ ವಿಭೂತಿಯಾಗುತ್ತದೆ.

ಬರುವ ತಿಂಗಳು ನೀಲಿಯ ಕೂಸು ಬರುತ್ತದೆ. ಅದು ಮೊದಲ ಸಲ ಬಾಯಿ ತೆರೆದಾಗ ಈ ಓಣಿಯ ಯಾವ ತಟ್ಟೆಯಲ್ಲೂ ಒಂದು ಸಾಸಿವೆ ಉಳಿಯಬಾರದು, ಅಂಥ ಗಂಟಲು ಅದಕ್ಕಿರಲಿ ಎಂದು ಅಲ್ಲಿಂದಲೇ ಹರಸಿ. ಓಣಿ ಗುಡಿಸಲು ನಾನಿದ್ದೇನೆ.

ನಿಮ್ಮ ಮನೆಯ ಸೊಸೆ
ಹಂಪವ್ವ