ನಾಲ್ಕೂ ಬದಿ ಹೊಲಿದ ಚೀಲ

ಅಮ್ಮಾ,

ನೀನು ದಿಂಬಿನ ಕಾರ್ಖಾನೆಯಿಂದ ಬರುವಷ್ಟರಲ್ಲಿ ನಾನು ಮತ್ತೆ ಕಾಲೇಜಿಗೆ ಹೋಗಿರುತ್ತೇನೆ. ಚಪ್ಪಲಿ ಆಮೇಲೆ ಬಿಡು, ಮೊದಲು ಇದನ್ನು ಓದು.

ಕಾಲೇಜಿನ ಸ್ಪರ್ಧೆಯಲ್ಲಿ ನಾವೇ ಗೆದ್ದೆವು. ಐದು ಗುಂಪುಗಳಲ್ಲಿ ಗಾಯಕಿ ತಮ್ಮ ಹೊಸ ಆಲ್ಬಂನ ಸಿ.ಡಿ. ಹಾಕಿ ಮಾರಲು ನಮ್ಮ ಬಟ್ಟೆಯ ಚೀಲವನ್ನೇ ಆರಿಸಿದರು, ನಾವು ಮಾಡಿದ ಹಾಡಿನ ವಿಡಿಯೊ ಸಮೇತ.

ಮೊನ್ನೆ ನೀನು ಸಿ.ಡಿ. ಒಳಗಿಟ್ಟು ನಾಲ್ಕೂ ಬದಿ ಹೊಲಿದುಬಿಟ್ಟೆ ಅಂತ ಹರಿಹಾಯ್ದೆನಲ್ಲ. "ದಿಂಬು ಹೊಲಿದು ಹೊಲಿದು ಕೈಗೆ ಅದೇ ಅಭ್ಯಾಸ ಆಗೋಗಿದೆ ಕಣೇ" ಅಂದೆ ನೀನು. ಮರುದಿನ ನಾನು ಬಿಚ್ಚಲು ಕೂತರೆ, ನಮ್ಮ ಗುಂಪಿನ ಗುಂಡ "ತಡಿ, ನಿಧಾನಕ್ಕೆ ಎಳಿ" ಅಂತ ಕ್ಯಾಮೆರಾ ಹಿಡಿದ. ಆ ಕೆಂಪು ದಾರ ಬಿಚ್ಚಿಕೊಳ್ಳುವುದೇ ವಿಡಿಯೊದ ಮೊದಲ ದೃಶ್ಯವಾಯಿತು.

ಇವತ್ತು ಗಾಯಕಿ ನೀನು ಹೊಲಿದಿದ್ದ ಇನ್ನೊಂದು ಚೀಲದ ದಾರವನ್ನು ತಾವೇ ಎಳೆದು, "ಯಾರಿಗಪ್ಪಾ ಹೊಳೀತು ಇದು?" ಅಂದರು. "ನಮ್ಮಮ್ಮಂಗೆ" ಅಂದೆ. ಪೂರ್ತಿ ಕಥೆ ಹೇಳಲಿಲ್ಲ.

ಮಂಚದ ಮೇಲೆ ಇನ್ನೂರು ಚೀಲಕ್ಕೆ ಬಟ್ಟೆ ಕತ್ತರಿಸಿಟ್ಟಿದ್ದೇನೆ, ಅವರು ಕೊಟ್ಟ ಸಿ.ಡಿ.ಗಳು ಪಕ್ಕದ ಡಬ್ಬದಲ್ಲಿವೆ. ಮೆಷಿನ್‌ಗೆ ಎಣ್ಣೆ ಬಿಟ್ಟಿದ್ದೇನೆ. ಕೆಂಪು ದಾರವನ್ನೇ ಹಾಕು. ಊಟ ಮಾಡದೆ ಕೂರಬೇಡ.

ನನ್ನ ಬೈಗುಳ ನೆನಪಾಗಿ ಒಂದು ಬದಿ ಬಿಟ್ಟುಗಿಟ್ಟೀಯ ಮತ್ತೆ. ನಾಲ್ಕೂ ಹೊಲಿ.